ತುರುವೇಕೆರೆಗೆ ಬಂದ ಒಂದು ವಿದ್ಯೆ



ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಈಗ ಅವನು ತಿಪಟೂರಿನಲ್ಲಿ ಕೊಬ್ಬರಿ ಮಂಡಿಯ ವ್ಯವಹಾರದಲ್ಲಿದ್ದಾನೆ. ಮಗಳು ಮನಃಶಾಸ್ತ್ರವನ್ನು ತೆಗೆದುಕೊಂಡು ಪದವಿ ಮುಗಿಸಿದ್ದಾಳೆ. ಮುಂದೆ ಅಂಗವೈಕಲ್ಯ ಉಳ್ಳವರ ಪುನರ್ವಸತಿ ಆಪ್ತಸಮಾಲೋಚನೆ ಎಂಬ ವಿಷಯವನ್ನು ಓದಿ, ಸಾಧ್ಯವಾದರೆ ಅದರಲ್ಲೇ ಸಂಶೋಧನೆ ಮಾಡಿ ಅಧ್ಯಾಪಕಿಯಾಗಬೇಕೆಂಬುದು ಆಕೆಯ ಆಸೆ. ತಂದೆಗೆ ಚಿಂತೆ. "ಸಾರ್, ಇದನ್ನ ಓದಿದ್ರೆ ಯಾವ ಕೆಲ್ಸ ಸಿಗುತ್ತೆ? ಅದಕ್ಕೆಲ್ಲಾ ಅಮೆರಿಕಾನೇ ಸರಿ ಅಂತಾರೆ. ನಮ್ಮ ಕಡೆ ಅಂಥದ್ದು ಎಲ್ಲಿದೆ ಹೇಳಿ?" ಎಂದ. ನಾನು ಏನೋ ನಾಲ್ಕು ಮಾತು ಹೇಳಿ, ಕಾಫಿ ಕುಡಿಸಿ ಕಳುಹಿಸಿದೆ. ಅವರು ಹೋದ ಮೇಲೆ ನನ್ನ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಏಕೆಂದರೆ ಆ ವಿದ್ಯೆಯ ಒಂದು ಮುಖ್ಯ ಸಂಶೋಧನೆ ನಡೆದದ್ದು ಅಮೆರಿಕದಲ್ಲಲ್ಲ, ತಿಪಟೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ತುರುವೇಕೆರೆಯಲ್ಲಿ. ಈ ಬರಹ ಆ ತಂದೆಗೂ ಮಗಳಿಗೂ ನಾನು ಕೊಡಬೇಕಾಗಿದ್ದ ಉತ್ತರ. ಉಳಿದವರೂ ಓದಬಹುದು.

ಮೊದಲು 'ಪುನರ್ವಸತಿ' ಎಂಬ ಪದದ ಬಗೆಗೆ ಒಂದು ಮಾತು. ನಮ್ಮ ಭಾಗದ ಹಿರಿಯರಿಗೆ ಈ ಪದ ಕೇಳಿದೊಡನೆ ನೆನಪಾಗುವುದು ಗೊರೂರಿನ ಹೇಮಾವತಿ ಅಣೆಕಟ್ಟು. 1979ರಲ್ಲಿ ಪೂರ್ಣಗೊಂಡ ಆ ಜಲಾಶಯದಲ್ಲಿ ಮುಳುಗಿದ ಊರುಗಳವರಿಗೆ ಬೇರೆಡೆ ಮನೆ, ಜಮೀನು ಕೊಟ್ಟದ್ದನ್ನು ಪುನರ್ವಸತಿ ಎಂದರು. ಆ ನೀರು ಕಾಲುವೆಯಲ್ಲಿ ನಮ್ಮ ತೋಟಗಳ ಕಡೆಗೆ ಹರಿದು ಬಂತು. ಪದವೂ ಅದರ ಜೊತೆಯಲ್ಲೇ ಬಂತೆನ್ನಬಹುದು. ಕಾಲು ಕಳೆದುಕೊಂಡವನಿಗೆ, ಕಿವಿ ಕೇಳದವಳಿಗೆ, ಮನಸ್ಸು ಕದಡಿದವನಿಗೆ ಇದೇ ಪದವನ್ನು ಬಳಸುವಾಗ ಒಂದು ತೊಡಕಿದೆ. ಅವರಿಗೆ ಮನೆ ಇದೆ. ಇಲ್ಲದಿರುವುದು ಆ ಮನೆಯಲ್ಲಿ, ಆ ಊರಿನಲ್ಲಿ ಅವರಿಗೊಂದು ಸ್ಥಾನ. 'ವಸತಿ' ಎಂದೊಡನೆ ನಾವು ಆಶ್ರಮ, ಹಾಸ್ಟೆಲು ಎಂದು ಯೋಚಿಸುತ್ತೇವೆ. ಬಹಳ ಕಾಲ ನಮ್ಮ ಸರ್ಕಾರಗಳು ಯೋಚಿಸಿದ್ದೂ ಹಾಗೆಯೇ.

ಈ ವಿದ್ಯೆ ಒಂದು ಶಾಸ್ತ್ರದ ರೂಪ ಪಡೆದದ್ದು ಯುದ್ಧಗಳಿಂದ. ಮೊದಲನೆಯ ಮಹಾಯುದ್ಧ ಮುಗಿದಾಗ ಗಾಯಗೊಂಡು ಮರಳಿದ ಸೈನಿಕರಿಗೆ ಮರಳಿ ಉದ್ಯೋಗ ಕೊಡಿಸಲು ಅಮೆರಿಕದಲ್ಲಿ 1918ರಲ್ಲಿ ಒಂದು ಕಾನೂನಾಯಿತು. 1920ರಲ್ಲಿ ಅದೇ ಬಗೆಯ ನೆರವು ನಾಗರಿಕರಿಗೂ ದೊರೆಯಿತು. ಅಂಗವಿಕಲನ ಶಕ್ತಿ, ಆಸಕ್ತಿ, ಊರಿನಲ್ಲಿ ಸಿಗುವ ಕೆಲಸ ಇವುಗಳನ್ನು ಹೊಂದಿಸಿ ಸಲಹೆ ಕೊಡುವ ಒಬ್ಬ ನೌಕರ ಆಗ ಹುಟ್ಟಿಕೊಂಡ. ಆದರೆ ಆತನಿಗೆ ವಿಶೇಷ ಓದೇನೂ ಇರಲಿಲ್ಲ. 1954ರಲ್ಲಿ ಅಲ್ಲಿನ ಸರ್ಕಾರ ಇಂಥವರನ್ನು ತರಬೇತುಗೊಳಿಸಲು ವಿಶ್ವವಿದ್ಯಾಲಯಗಳಿಗೆ ಧನಸಹಾಯ ನೀಡತೊಡಗಿದ ಮೇಲೆ ಸ್ನಾತಕೋತ್ತರ ತರಗತಿಗಳು, ಪ್ರಾಧ್ಯಾಪಕರು, ಸಂಶೋಧನ ಪತ್ರಿಕೆಗಳು ಎಲ್ಲವೂ ಬಂದವು. ನಮ್ಮಲ್ಲಿಯೂ ಯುದ್ಧವೇ ಕಾರಣ. 1943ರಲ್ಲಿ ಡೆಹ್ರಾಡೂನಿನಲ್ಲಿ ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ ಒಂದು ತರಬೇತಿ ಕೇಂದ್ರ ಆರಂಭವಾಯಿತು. ಪುಣೆಯಲ್ಲಿ 1944ರಲ್ಲಿ ಕೃತಕ ಅಂಗಗಳ ಕೇಂದ್ರ ಬಂತು. ವೆಲ್ಲೂರಿನಲ್ಲಿ ಡಾ. ಮೇರಿ ವರ್ಗೀಸ್ ಅವರದು ಬೇರೆಯೇ ಕಥೆ. 1954ರ ಒಂದು ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ನಡೆಯುವ ಶಕ್ತಿಯನ್ನೇ ಕಳೆದುಕೊಂಡ ಆ ವೈದ್ಯೆ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯವನ್ನು ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ತೆರೆದರು.

ಕನ್ನಡನಾಡು ಹಿಂದೆ ಬಿದ್ದಿರಲಿಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಆರಂಭವಾಯಿತು. ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ದೃಷ್ಟಿಯಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ, ಹಾರ್ಮೋನಿಯಂ ತಬಲಾ ಕಲಿಸಿ, ನಾಟಕದ ಕಂಪನಿಯನ್ನೂ ಕಟ್ಟಿ, ಭಿಕ್ಷೆಯ ಬದಲು ವೃತ್ತಿಯನ್ನು ಕೈಗಿತ್ತರು. ಇದನ್ನು ಯಾವ ಪಠ್ಯಪುಸ್ತಕವೂ 'ವೃತ್ತಿ ಪುನರ್ವಸತಿ' ಎಂದು ಕರೆದಿರಲಾರದು. ನನ್ನ ಮಟ್ಟಿಗೆ ಅದರ ಉತ್ತಮ ಉದಾಹರಣೆ ಅದೇ.

ಇನ್ನು ಮಾನಸಗಂಗೋತ್ರಿಯ ವಿಷಯ. 1965ರ ಆಗಸ್ಟ್ 9ರಂದು ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ದೇಶದಲ್ಲಿ ಈ ವಿದ್ಯೆ ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಿದ ಮೊದಲ ಮೆಟ್ಟಿಲುಗಳಲ್ಲಿ ಒಂದು. 1966ರ ಜುಲೈ 25ರಂದು ಅದರ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದವರು ರಾಷ್ಟ್ರಪತಿ ಡಾ. ರಾಧಾಕೃಷ್ಣನ್, ಒಂದು ಕಾಲದಲ್ಲಿ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಆ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ನಿರ್ದೇಶಕರಾಗಿ ದುಡಿದ ಡಾ. ನ. ರತ್ನ ಅವರನ್ನು ಕನ್ನಡಿಗರು 'ಎಲ್ಲಿಗೆ', 'ಬೊಂತೆ' ಮುಂತಾದ ನಾಟಕಗಳ ಲೇಖಕರಾಗಿ ಬಲ್ಲರು. ಹವ್ಯಾಸಿ ರಂಗಭೂಮಿಯವರು ಮೈಸೂರಿನ 'ಸಮತೆಂತೋ' ತಂಡದಿಂದ ಬಲ್ಲರು. ಅವರೂ ಸಹೋದ್ಯೋಗಿಗಳೂ 1972ರಲ್ಲಿ ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದನ್ನು ರೂಪಿಸಿ ಪ್ರಕಟಿಸಿದರು. ಇದು ಸಣ್ಣ ಕೆಲಸವೆಂದು ತೋರಬಹುದು. ಸ್ವಲ್ಪ ಯೋಚಿಸಿ: ಮಗು ತೊದಲುತ್ತಿದೆಯೇ ಇಲ್ಲವೇ ಎಂದು ಇಂಗ್ಲಿಷ್ ಪದಗಳ ಪಟ್ಟಿಯಿಂದ ತಿಳಿಯುವುದು ಹೇಗೆ? ಅಲ್ಲಿ ನಮ್ಮ ಳಕಾರವಿಲ್ಲ, ಣಕಾರವಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ನನ್ನ ತರಗತಿಗಳಲ್ಲಿ 'ಹಾವು' ಎಂಬುದನ್ನು 'ಆವು' ಎಂದೂ 'ಹಾಲು' ಎಂಬುದನ್ನು 'ಆಲು' ಎಂದೂ ಓದುವ ಮಕ್ಕಳು ವರ್ಷವರ್ಷವೂ ಇರುತ್ತಿದ್ದರು. ಅದು ನಾಲಗೆಯ ದೋಷವಲ್ಲ, ಮನೆಯ ಮಾತು. ಅದನ್ನು ಅರಿಯದ ಪರೀಕ್ಷಕ ಅರ್ಧ ಊರನ್ನೇ ರೋಗಿಗಳೆಂದು ಬರೆದಾನು. ಇದೇ ಪರಂಪರೆಯಲ್ಲಿ ಡಾ. ಪ್ರತಿಭಾ ಕಾರಂತರು ಕನ್ನಡದ ಭಾಷಾಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಯನ್ನು ರೂಪಿಸಿದರು. ಮುಂದೆ ಬೆಂಗಳೂರಿನಲ್ಲಿ ಆಟಿಸಂ ಉಳ್ಳ ಮಕ್ಕಳಿಗಾಗಿ ಕಾಮ್ ಡೀಲ್ ಎಂಬ ಸಂಸ್ಥೆಯನ್ನು ಕಟ್ಟಿದರು.

ಈಗ ತುರುವೇಕೆರೆಗೆ ಬರಬೇಕು. ಅದಕ್ಕೆ ಬೆಂಗಳೂರಿನ ಮೂಲಕ ಹೋಗಬೇಕು.

ನಮ್ಮೂರುಗಳಲ್ಲಿ ಹಿಂದೆ ಯಾರಾದರೂ ಅತಿಯಾಗಿ ಮಾತನಾಡಿದರೆ "ಇವನನ್ನ ನಿಮಾನ್ಸ್‌ಗೆ ಕಳಿಸ್ಬೇಕು" ಎಂದು ಗೇಲಿ ಮಾಡುವುದಿತ್ತು, ಈಗಲೂ ಇದೆ. ಆ ಸಂಸ್ಥೆಯ ಬೇರು 1847ರ ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1930ರ ದಶಕದಲ್ಲಿ ಮೈಸೂರು ಸಂಸ್ಥಾನ ಅದಕ್ಕೆ ಇಂದಿನ ವಿಶಾಲವಾದ ಜಾಗವನ್ನು ಕೊಟ್ಟಿತು. 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎಂಬ ಬೋಧನಾ ಸಂಸ್ಥೆ ಜೊತೆಗೂಡಿತು. ಎರಡೂ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿನ ಪುನರ್ವಸತಿ ವಿಭಾಗದಲ್ಲಿ ಬಡಗಿ ಕೆಲಸ, ಹೊಲಿಗೆ, ಮುದ್ರಣ, ಬೇಕರಿ ಇವೆಲ್ಲವನ್ನೂ ಕಲಿಸುತ್ತ ಬಂದರು. ಮನೋವೈದ್ಯರ ಜೊತೆಗೆ ಮನಃಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಅಲ್ಲಿಯೇ ಓದಿ ಪದವಿ ಪಡೆದು ದೇಶದ ನಾನಾ ಕಡೆ ಅಧ್ಯಾಪಕರಾದರು.

ಆದರೆ ಬೇಕರಿಯಲ್ಲಿ ಬ್ರೆಡ್ಡು ಮಾಡಲು ಕಲಿತ ಚಿಕ್ಕನಾಯಕನಹಳ್ಳಿಯ ಹುಡುಗ ಊರಿಗೆ ಬಂದು ಏನು ಮಾಡಬೇಕು? ಇದು ಹಾಸ್ಯದ ಪ್ರಶ್ನೆಯಲ್ಲ. ಅಲ್ಲಿನ ವೈದ್ಯರಿಗೇ ಇಂಥ ಪ್ರಶ್ನೆ ಬಂತೆಂದು ಕಾಣುತ್ತದೆ. ಆಸ್ಪತ್ರೆಗೆ ಬರುವವರು ರೋಗಿಗಳಲ್ಲಿ ಒಂದು ಪಾಲು ಮಾತ್ರ, ಉಳಿದವರು ಹಳ್ಳಿಗಳಲ್ಲಿದ್ದಾರೆ ಎಂಬುದು 1970ರ ದಶಕದಲ್ಲಿ ಸ್ಪಷ್ಟವಾಯಿತು. ಕರಾವಳಿಯ ಕೋಟ ಗ್ರಾಮದಲ್ಲಿ ಕಾರ್‌ಸ್ಟೇರ್ಸ್ ಮತ್ತು ಡಾ. ಆರ್. ಎಲ್. ಕಪೂರ್ ಮನೆಮನೆಗೆ ಹೋಗಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಅದೇ ಕಪೂರರು ನಿಮ್ಹಾನ್ಸಿಗೆ ಬಂದ ಮೇಲೆ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಘಟಕ ಬೆಳೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಕೆಲವೇ ವಾರಗಳಲ್ಲಿ ಏನೆಲ್ಲ ಕಲಿಸಬಹುದು ಎಂದು ಅಲ್ಲಿ ಪರೀಕ್ಷಿಸಿ ನೋಡಿದರು. 1980ರ ದಶಕದ ಮಧ್ಯದಲ್ಲಿ ಬಳ್ಳಾರಿ ಜಿಲ್ಲೆಯಿಡೀ ಇದನ್ನು ವಿಸ್ತರಿಸಿದರು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಪಾಯ. ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಈ ವಿದ್ಯೆಯನ್ನು ಕನ್ನಡದಲ್ಲಿ ಸಾಮಾನ್ಯರ ಮನೆಗೆ ತಲುಪಿಸಿದವರಲ್ಲಿ ಅವರು ಪ್ರಮುಖರು.

2005ರ ಹೊತ್ತಿಗೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಡಾ. ಜಗದೀಶ ತೀರ್ಥಹಳ್ಳಿ, ಡಾ. ನವೀನ್ ಕುಮಾರ್ ಮುಂತಾದ ನಿಮ್ಹಾನ್ಸಿನ ವೈದ್ಯರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಉಳ್ಳವರನ್ನು ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸುವ ಕಾರ್ಯಕ್ರಮ ಆರಂಭಿಸಿದರು. ಆ ದಶಕದ ಕೊನೆಯ ಹೊತ್ತಿಗೆ ಅವರು ಎರಡನೆಯ ತಾಲ್ಲೂಕನ್ನು ಆರಿಸಿಕೊಂಡರು. ಅದು ನಮ್ಮ ತುರುವೇಕೆರೆ.

ತೀರ್ಥಹಳ್ಳಿ ಮಲೆನಾಡು, ಅಡಕೆ ಮತ್ತು ಭತ್ತದ ನಾಡು. ತುರುವೇಕೆರೆ ಬಯಲುಸೀಮೆ, ತೆಂಗು ಮತ್ತು ರಾಗಿಯ ನಾಡು. ಎರಡು ಬಗೆಯ ಹಳ್ಳಿಗಳಲ್ಲಿ ಒಂದೇ ಫಲ ಕಂಡರೆ ಆ ಫಲಕ್ಕೆ ಬೆಲೆ ಹೆಚ್ಚು. ಇಲ್ಲಿ ನಡೆದ ಕೆಲಸದ ಕ್ರಮ ಸರಳವಾಗಿತ್ತು. ಆಶಾ ಕಾರ್ಯಕರ್ತೆಯರು, ಆರೋಗ್ಯ ಇಲಾಖೆಯ ನೌಕರರು ಇಂಥವರಿಗೆ ರೋಗದ ಲಕ್ಷಣಗಳನ್ನು ತಿಳಿಸಿಕೊಡುವುದು. ಅವರು ಗುರುತಿಸಿದವರನ್ನು ಮನೋವೈದ್ಯರು ಪರೀಕ್ಷಿಸುವುದು. ಕಡಿಮೆ ಬೆಲೆಯ ಔಷಧಿಯನ್ನು ಊರ ಹತ್ತಿರವೇ ಸಿಗುವಂತೆ ಮಾಡುವುದು. ಮನೆಯವರನ್ನು ಕೂರಿಸಿಕೊಂಡು ಇದು ಎಂಥ ಕಾಯಿಲೆ, ಏಕೆ ಮಾತ್ರೆ ಬಿಡಬಾರದು ಎಂದು ವಿವರಿಸುವುದು. ಬಾರದಿದ್ದವರನ್ನು ಹುಡುಕಿಕೊಂಡು ಹೋಗುವುದು. ಔಷಧಿ, ಮನೆಯವರಿಗೆ ತಿಳಿವಳಿಕೆ, ಕ್ರಮವಾದ ಭೇಟಿ ಈ ಮೂರನ್ನೇ ಒಂದು ಸಾರ್ವಜನಿಕ ಆರೋಗ್ಯದ ಉಪಾಯವಾಗಿ ಬಳಸಬಹುದು, ಇದರಿಂದ ರೋಗಿಗಳ ಅಸಾಮರ್ಥ್ಯ ಗಣನೀಯವಾಗಿ ಇಳಿಯುತ್ತದೆ ಎಂದು ಅವರು ಮುಂದೆ ಸಂಶೋಧನ ಲೇಖನಗಳಲ್ಲಿ ತೋರಿಸಿದರು. ಬೆಂಗಳೂರು, ದೆಹಲಿ, ಲಂಡನ್ನಿನ ವಿದ್ವಾಂಸರು ಓದುವ ಪತ್ರಿಕೆಗಳಲ್ಲಿ ತುರುವೇಕೆರೆ ಎಂಬ ಹೆಸರು ಅಚ್ಚಾಯಿತು. ನಮ್ಮೂರಿನ ಜನಕ್ಕೆ ಇದು ಗೊತ್ತಿಲ್ಲ. ಹೊಯ್ಸಳರ ಮೂಲೆಶಂಕರೇಶ್ವರ ದೇವಾಲಯದ ಬಗೆಗೆ ಲೇಖನ ಬಂದರೆ ಕತ್ತರಿಸಿ ಇಟ್ಟುಕೊಳ್ಳುವ ನಾನೂ ಇದನ್ನು ಬಹಳ ತಡವಾಗಿ ತಿಳಿದೆ.

ಇಲ್ಲಿ ನನ್ನ ಒಂದು ಹಳೆಯ ಲೆಕ್ಕವನ್ನು ಹೇಳಲೇಬೇಕಾಗಿದೆ. 1993ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರೂ ಊರೂ ಬೇಡ. ಗಣಿತದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ದಸರೆ ರಜೆ ಮುಗಿಸಿ ಬಂದವನು ಬೇರೆಯೇ ಆಗಿದ್ದ. ಹಿಂದಿನ ಬೆಂಚಿಗೆ ಹೋಗಿ ಕುಳಿತ. ಪುಸ್ತಕ ತೆರೆಯಲಿಲ್ಲ. ತಾನೇ ಏನನ್ನೋ ಕೇಳಿಸಿಕೊಂಡವನಂತೆ ನಗುತ್ತಿದ್ದ. ನಾನು ಅದನ್ನು ಉದ್ಧಟತನವೆಂದು ತಿಳಿದು ಎರಡು ಸಲ ಹೊಡೆದೆ. ಆಮೇಲೆ ಅವನ ತಂದೆಯನ್ನು ಕರೆಸಿ, "ಹುಡುಗನಿಗೆ ಏನೋ ಗಾಳಿ ಹಿಡಿದಂತಿದೆ, ಸ್ವಲ್ಪ ದಿನ ಮನೆಯಲ್ಲಿಟ್ಟುಕೊಳ್ಳಿ" ಎಂದೆ. ಬಿ.ಎಡ್. ಓದಿದವನ ಬಾಯಿಂದ ಬಂದ ಮಾತಿದು. ನಮ್ಮ ಬಿ.ಎಡ್. ಪಠ್ಯದಲ್ಲಿ 'ವಿಶಿಷ್ಟ ಮಕ್ಕಳು' ಎಂಬ ಒಂದು ಅಧ್ಯಾಯವಿತ್ತು. ಐದು ಅಂಕದ ಪ್ರಶ್ನೆಗೆ ಎಂದು ಓದಿ ಮರೆತಿದ್ದೆ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲೇ ಓದಿಸುವ ಕೇಂದ್ರ ಸರ್ಕಾರದ ಯೋಜನೆ 1974ರಿಂದಲೇ ಇತ್ತೆಂಬುದೂ ನನಗೆ ತಿಳಿದದ್ದು ನಿವೃತ್ತಿಯ ಅಂಚಿನಲ್ಲಿ. ಹುಡುಗ ಶಾಲೆಗೆ ಮರಳಲಿಲ್ಲ. ಹಾಜರಿ ಕಡಿಮೆಯಾಯಿತೆಂದು ಅವನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದವನು ನಾನೇ. ಮನೆಯವರು ದೇವಸ್ಥಾನ, ಮಂತ್ರವಾದಿ, ನಾಟಿ ಔಷಧಿ ಎಂದು ಎರಡು ಮೂರು ವರ್ಷ ಅಲೆದು, ತೋಟದ ಒಂದು ಭಾಗವನ್ನು ಮಾರಿದರು.

ಅವನನ್ನು ನಾನು ಮತ್ತೆ ಕಂಡದ್ದು ಸುಮಾರು ಇಪ್ಪತ್ತು ವರ್ಷಗಳ ಮೇಲೆ, ಒಂದು ಮದುವೆಯ ಮನೆಯಲ್ಲಿ. ಶುಭ್ರವಾಗಿ ಕ್ಷೌರ ಮಾಡಿಸಿಕೊಂಡು, ಬಿಳಿ ಅಂಗಿ ತೊಟ್ಟು ಬಂದಿದ್ದ. ಊರಿನ ಆಶಾ ಕಾರ್ಯಕರ್ತೆಯ ಒತ್ತಾಯದಿಂದ ತಾಲ್ಲೂಕು ಆಸ್ಪತ್ರೆಗೆ ಹೋದದ್ದು, ಮಾತ್ರೆ ಶುರು ಮಾಡಿದ್ದು, ಎಲ್ಲವನ್ನೂ ಅವನ ಅಣ್ಣ ಹೇಳಿದ. ಈಗ ತೋಟದಲ್ಲಿ ಕೆಲಸ ಮಾಡುತ್ತಾನೆ. ಕಾಯಿ ಎಣಿಸುವುದು ಅವನ ಪಾಲಿನ ಕೆಲಸ, ಆ ಲೆಕ್ಕದಲ್ಲಿ ಒಂದು ಕಾಯಿ ಹೆಚ್ಚುಕಡಿಮೆಯಾದದ್ದಿಲ್ಲವಂತೆ. ನನ್ನನ್ನು ಗುರುತಿಸಿ ಬಂದು ನಮಸ್ಕಾರ ಮಾಡಿದ. "ಸಾರ್, ನನ್ನ ಟೀಸಿ ಇನ್ನೂ ಇಸ್ಕೂಲಲ್ಲೇ ಐತೆ" ಎಂದ. ನಾನು ಏನು ಹೇಳಿದೆನೋ ನೆನಪಿಲ್ಲ.

ಈ ಕಾಯಿ ಎಣಿಸುವ ಕೆಲಸದ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಏಕೆಂದರೆ ಪುನರ್ವಸತಿ ಸಂಶೋಧನೆಯ ಒಂದು ದೊಡ್ಡ ಚರ್ಚೆ ಇಲ್ಲಿದೆ.

1960ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ಸ್ಕಿಜೋಫ್ರೀನಿಯಾ ಕುರಿತು ಒಂದು ಅಧ್ಯಯನ ಕೈಗೊಂಡಿತು. ಭಾರತದಲ್ಲಿ ಆಗ್ರಾ ಅದರ ಕೇಂದ್ರ. ಶ್ರೀಮಂತ ದೇಶಗಳ ರೋಗಿಗಳಿಗಿಂತ ನಮ್ಮಂಥ ದೇಶಗಳ ರೋಗಿಗಳು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಎಂಬ ಅಚ್ಚರಿಯ ಫಲ ಬಂತು. ಕೂಡುಕುಟುಂಬ, ಬೇಸಾಯ, ನಿಧಾನದ ಬದುಕು ಇವೇ ಕಾರಣವೆಂದು ಅನೇಕರು ಬರೆದರು. ನಮಗೂ ಓದಲು ಹಿತವಾಗಿತ್ತು. ಆದರೆ 2008ರ ಹೊತ್ತಿಗೆ ಚೆನ್ನೈನ ಡಾ. ತಾರಾ ಅವರೂ ಸೇರಿದಂತೆ ಕೆಲವು ಸಂಶೋಧಕರು ಇದನ್ನು ಪ್ರಶ್ನಿಸಿದರು: ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ನೋಡಿದರೆ ಚಿತ್ರ ಅಷ್ಟು ಸುಂದರವಾಗಿಲ್ಲ, ಚಿಕಿತ್ಸೆಯಿಲ್ಲದೆ ಬಿಟ್ಟರೆ ಇಲ್ಲಿಯೂ ಜನ ನರಳುತ್ತಾರೆ ಎಂದು. ತೀರ್ಥಹಳ್ಳಿಯ ಅಧ್ಯಯನ ಈ ಎರಡು ವಾದಗಳ ನಡುವೆ ಬೆಳಕು ಚೆಲ್ಲಿತು. ನಾಲ್ಕು ವರ್ಷಗಳ ಅನಂತರ ನೋಡಿದಾಗ ಅಲ್ಲಿನ ರೋಗಿಗಳಲ್ಲಿ ಹೆಚ್ಚಿನವರು ಯಾವುದಾದರೊಂದು ದುಡಿಮೆಯಲ್ಲಿ ತೊಡಗಿದ್ದರೆಂದು ಅದು 2012ರಲ್ಲಿ ವರದಿ ಮಾಡಿತು. ಅದೇ ಸಂಶೋಧಕರು ಔಷಧಿ ಪಡೆದವರ ಅಸಾಮರ್ಥ್ಯ ಪಡೆಯದವರದಕ್ಕಿಂತ ಕಡಿಮೆಯಾಗುವುದನ್ನೂ ತೋರಿಸಿದ್ದರು. ಹಳ್ಳಿ ತಾನಾಗಿಯೇ ಯಾರನ್ನೂ ಗುಣಪಡಿಸುವುದಿಲ್ಲ. ಗುಣವಾಗುತ್ತಿರುವವನಿಗೆ ಮಾಡಲು ಏನಾದರೂ ಕೆಲಸವನ್ನಂತೂ ಕೊಡುತ್ತದೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ತೆಂಗಿನ ತೋಟವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತಿಪಟೂರಿನ ಉಂಡೆ ಕೊಬ್ಬರಿ ಒಂದು ದಿನದ ಕೆಲಸವಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅಷ್ಟರಲ್ಲಿ ಕಾಯಿ ಆಯುವುದು, ಹೊರುವುದು, ಎಣಿಸುವುದು, ಸುಲಿಯುವುದು, ಚಿಪ್ಪು ಒಡೆಯುವುದು, ಕೊಬ್ಬರಿಯನ್ನು ದಪ್ಪ, ಸಣ್ಣ, ಕೆಟ್ಟದ್ದು ಎಂದು ವಿಂಗಡಿಸುವುದು, ಮಟ್ಟೆಯನ್ನು ನಾರಿಗೆ ಕಳುಹಿಸುವುದು ಹೀಗೆ ನೂರು ಬಗೆಯ ಚಿಕ್ಕ ಕೆಲಸಗಳು. ಕೆಲವಕ್ಕೆ ಬಲ ಬೇಕು, ಕೆಲವಕ್ಕೆ ಕಣ್ಣು ಬೇಕು, ಕೆಲವಕ್ಕೆ ಕೇವಲ ತಾಳ್ಮೆ. ಗಡಿಯಾರ ನೋಡಿ ಒಳಗೆ ಬರಬೇಕೆಂಬ ನಿಯಮವಿಲ್ಲ. ಇವತ್ತು ಮನಸ್ಸು ಸರಿಯಿಲ್ಲವೆಂದರೆ ನಾಳೆ. ಬೆಂಗಳೂರಿನ ಕಾರ್ಖಾನೆಯಲ್ಲಿ ಇಂಥ ಕೆಲಸವನ್ನು ಯಾರು ಕೊಡುತ್ತಾರೆ? ಇದಕ್ಕೆ ಇನ್ನೊಂದು ಮುಖವೂ ಇದೆ, ಮರೆಮಾಚಬಾರದು. ಮನೆಯ ತೋಟದಲ್ಲಿ ದುಡಿಯುವ ಇಂಥವನಿಗೆ ಕೂಲಿ ಕೊಡುವವರು ಕಡಿಮೆ. ಊಟ ಹಾಕುತ್ತೇವಲ್ಲ ಎನ್ನುತ್ತಾರೆ. ಆಸ್ತಿ ಭಾಗವಾಗುವಾಗ ಅವನ ಹೆಸರು ಬಿಟ್ಟುಹೋದ ಮನೆಗಳನ್ನೂ ನಾನು ಕಂಡಿದ್ದೇನೆ. ಹೆಂಗಸರ ಪಾಡು ಇನ್ನೂ ಕಷ್ಟ. ಮದುವೆಯಾದವಳಾದರೆ ತವರಿಗೆ ಬಿಟ್ಟು ಹೋಗುತ್ತಾರೆ.

ಅಸಾಮರ್ಥ್ಯವನ್ನು ಅಳೆಯುವುದು ಹೇಗೆ ಎಂದು ನೀವು ಕೇಳಬಹುದು. ಕಾಲಿನ ಉದ್ದವನ್ನು ಅಳೆಯಬಹುದು, ಕಿವಿಯ ಶಕ್ತಿಯನ್ನು ಯಂತ್ರದಿಂದ ಅಳೆಯಬಹುದು. ಮನಸ್ಸಿನ ತೊಂದರೆ ಹೊರಗೆ ಕಾಣುವುದಿಲ್ಲ. 1995ರ ಅಂಗವಿಕಲರ ಕಾಯಿದೆ ಮಾನಸಿಕ ಕಾಯಿಲೆಯನ್ನು ಪಟ್ಟಿಗೆ ಸೇರಿಸಿತು. ಆದರೆ ಪ್ರಮಾಣಪತ್ರ ಕೊಡಲು ಅಳತೆಗೋಲು ಇರಲಿಲ್ಲ. ಭಾರತೀಯ ಮನೋವೈದ್ಯರ ಸಂಘದ ಪುನರ್ವಸತಿ ಸಮಿತಿ ಇದಕ್ಕಾಗಿ 'ಐಡಿಯಾಸ್' ಎಂಬ ಅಳತೆಗೋಲನ್ನು ರೂಪಿಸಿತು; 2002ರಲ್ಲಿ ಕೇಂದ್ರ ಸರ್ಕಾರ ಅದನ್ನು ಒಪ್ಪಿತು. ತನ್ನ ಸ್ನಾನ ಊಟ ಬಟ್ಟೆಯನ್ನು ತಾನು ನೋಡಿಕೊಳ್ಳುವುದು, ಇತರರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕಕ್ಕೆ ತಲಾ ನಾಲ್ಕು ಅಂಕದವರೆಗೆ, ಎಷ್ಟು ವರ್ಷದ ಕಾಯಿಲೆ ಎಂಬುದಕ್ಕೆ ಮತ್ತೆ ನಾಲ್ಕು, ಒಟ್ಟು 20. ನಮ್ಮ ಪರೀಕ್ಷೆಯ ಹಾಗಲ್ಲ, ಇಲ್ಲಿ ಅಂಕ ಹೆಚ್ಚಾದಷ್ಟೂ ಕಷ್ಟ ಹೆಚ್ಚು. ಏಳು ಅಂಕ ಬಂದರೆ ಶೇ. 40ರ ಗೆರೆ ದಾಟಿದಂತೆ, ಮಾಸಾಶನ ಮುಂತಾದ ಸೌಲಭ್ಯಗಳಿಗೆ ದಾರಿ. ಕೆಲಸ ಎಂಬಲ್ಲಿ ಸಂಬಳದ ಉದ್ಯೋಗ ಮಾತ್ರವಲ್ಲ, ಗೃಹಿಣಿಯ ಮನೆಗೆಲಸವನ್ನೂ ವಿದ್ಯಾರ್ಥಿಯ ಓದನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಹೊರದೇಶದ ಅಳತೆಗೋಲನ್ನು ಹಾಗೆಯೇ ತಂದಿದ್ದರೆ ನಮ್ಮ ಅಮ್ಮಂದಿರೆಲ್ಲ ನಿರುದ್ಯೋಗಿಗಳಾಗುತ್ತಿದ್ದರು. 2016ರ ಹೊಸ ಕಾಯಿದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು; ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿಯನ್ನು ಶೇ. 3ರಿಂದ 4ಕ್ಕೆ ಏರಿಸಿತು.

ಮರದಿಂದ ಬಿದ್ದವರ ವಿಷಯವನ್ನು ಬಿಟ್ಟರೆ ತೆಂಗಿನ ನಾಡಿನ ಕಥೆ ಪೂರ್ತಿಯಾಗದು. ಬೆನ್ನು ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು ನಮ್ಮ ಮೂರೂ ತಾಲ್ಲೂಕುಗಳಲ್ಲಿದ್ದಾರೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಮರ ಹತ್ತುವವರಿಗೆ ಯಂತ್ರದ ತರಬೇತಿ ಆರಂಭಿಸಿ ವಿಮೆಯನ್ನೂ ಮಾಡಿಸತೊಡಗಿತು. ಬಿದ್ದ ಮೇಲಿನ ಬದುಕಿಗೆ ಬೆಂಗಳೂರಿನ ಸಂಸ್ಥೆಗಳೇ ಗತಿ. ಸ್ವತಃ ಪೋಲಿಯೋ ಪೀಡಿತರಾದ ಎನ್. ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಅಂಗವಿಕಲರ ಸಂಸ್ಥೆ, ಎ.ಪಿ.ಡಿ., ಅವುಗಳಲ್ಲಿ ಹಿರಿಯದು. ಅಲ್ಲಿನ ತೋಟಗಾರಿಕೆಯ ತರಬೇತಿ ಹೆಸರಾದದ್ದು.

ಇನ್ನು ಆ ಹುಡುಗಿಯ ಪ್ರಶ್ನೆಗೆ. ಭಾರತೀಯ ಪುನರ್ವಸತಿ ಪರಿಷತ್ತು 1986ರಲ್ಲಿ ಹುಟ್ಟಿ, 1992ರ ಕಾಯಿದೆಯಿಂದ ಶಾಸನಬದ್ಧವಾಯಿತು. ಅದು ಗುರುತಿಸಿದ 16 ಬಗೆಯ ವೃತ್ತಿಪರರಲ್ಲಿ ಪುನರ್ವಸತಿ ಸಮಾಲೋಚಕರೂ ಸೇರಿದ್ದಾರೆ. ಬೆಂಗಳೂರಿನಲ್ಲಿ ರಿಚ್‌ಮಂಡ್ ಫೆಲೋಷಿಪ್ ಎಂಬ ಸಂಸ್ಥೆಯಿದೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಎಲ್ಲಿ ಯಾನ್ಸೆನ್ ಎಂಬ ಮಹಿಳೆ ಆರಂಭಿಸಿದ ಚಳವಳಿಯ ಶಾಖೆ ಅದು. ಇಲ್ಲಿ 1986ರಲ್ಲಿ ನೆಲೆಗೊಂಡಿತು. ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಗಳನ್ನು ನಡೆಸುವುದರ ಜೊತೆಗೆ ಮನೋಸಾಮಾಜಿಕ ಪುನರ್ವಸತಿ ಮತ್ತು ಆಪ್ತಸಮಾಲೋಚನೆಯಲ್ಲಿ ಎಂ.ಎಸ್ಸಿ. ಪದವಿಯನ್ನೇ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ, ಅದು ಬೆಳೆಸಿತು. ಆದ್ದರಿಂದ ಇಂಥ ಓದು ನಮ್ಮಲ್ಲಿಲ್ಲ ಎನ್ನುವುದು ಸರಿಯಲ್ಲ.

ಉದ್ಯೋಗದ ಮಾತು ಬೇರೆ. ಇಲ್ಲಿ ನಾನು ಅವಳ ತಂದೆಯ ಪರವೇ. 2007-08ರಲ್ಲಿ ನಮ್ಮ ರಾಜ್ಯ ಸರ್ಕಾರ ಗ್ರಾಮೀಣ ಪುನರ್ವಸತಿ ಯೋಜನೆಯನ್ನು ತಂದಿತು. ಗ್ರಾಮ ಪಂಚಾಯಿತಿಗೆ ಒಬ್ಬ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಕಾರ್ಯಕರ್ತ, ಇವರೂ ಅಂಗವಿಕಲರೇ. ಪ್ರಮಾಣಪತ್ರ, ಮಾಸಾಶನ, ಬಸ್ ಪಾಸು, ತ್ರಿಚಕ್ರ ವಾಹನ ಎಲ್ಲಕ್ಕೂ ಓಡಾಡುವವರು ಇವರು. ನಿಜವಾದ ಅರ್ಥದಲ್ಲಿ ನಮ್ಮ ಹಳ್ಳಿಗಳ ಪುನರ್ವಸತಿ ಸಮಾಲೋಚಕರು ಇವರೇ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಪಂಚಾಯಿತಿ ಕಚೇರಿಯ ಮೂಲೆಯಲ್ಲಿ ಒಂದು ಕುರ್ಚಿಗಾಗಿಯೂ ಕೇಳಿಕೊಳ್ಳಬೇಕಾದವರನ್ನು ಬಲ್ಲೆ. ಅತ್ತ ಪ್ರಬಂಧ ಬರೆಯುವ ವಿದ್ವಾಂಸರು, ಇತ್ತ ಬಿಸಿಲಲ್ಲಿ ಅಲೆಯುವ ಕಾರ್ಯಕರ್ತ. ನಡುವೆ ತಾಲ್ಲೂಕು ಮಟ್ಟದಲ್ಲಿ ಓದಿದ ಒಬ್ಬ ಸಮಾಲೋಚಕನಿಗೆ ಹುದ್ದೆಯೇ ಇಲ್ಲ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪ್ರಶ್ನೆಗೆ ಹತ್ತಿರದ್ದು. ಗೋವಾ, ಸಾತಾರಾ, ಕಾಂಚೀಪುರಗಳ ಕಡೆ 282 ಜನ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರ ಮನೆಭೇಟಿಯನ್ನೂ ಕೊಟ್ಟರು. ಆ ಗುಂಪಿನವರ ಅಸಾಮರ್ಥ್ಯ ಸ್ವಲ್ಪ ಹೆಚ್ಚು ಇಳಿಯಿತು. ಸ್ವಲ್ಪವೇ, ಪವಾಡವೇನೂ ಆಗಲಿಲ್ಲ. ಆ 'ಸ್ವಲ್ಪ' ಎಂದರೆ ಒಂದು ಮನೆಯಲ್ಲಿ ಏನು ಎಂಬುದನ್ನು ಮದುವೆಯ ಮನೆಯಲ್ಲಿ ಬಿಳಿ ಅಂಗಿ ತೊಟ್ಟು ನಿಂತವನನ್ನು ಕಂಡ ನಾನು ಬಲ್ಲೆ.

ರಾಜ್ಯ ಸರ್ಕಾರ 2014ರಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಭೇಟಿಯನ್ನು ಆರಂಭಿಸಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ದೂರವಾಣಿ ಸೇವೆ ಬಂತು. ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ನಿಮ್ಮಲ್ಲಿ ಶಿಕ್ಷಕರಾಗಿರುವವರು ದಯವಿಟ್ಟು ಸಿಬ್ಬಂದಿ ಕೊಠಡಿಯ ಗೋಡೆಯ ಮೇಲೆ ಬರೆದಿಡಿ. 1993ರಲ್ಲಿ ನನ್ನ ಬಳಿ ಇಂಥದ್ದೊಂದು ಇರಲಿಲ್ಲ.

ಆ ವಿದ್ಯಾರ್ಥಿಗೆ ಮೊನ್ನೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಮಗಳನ್ನು ಓದಲು ಕಳುಹಿಸುವ ಮೊದಲು ಒಂದು ಮಂಗಳವಾರ ತುರುವೇಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗು, ಯಾರು ಬರುತ್ತಾರೆ, ಯಾರ ಜೊತೆ ಬರುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಎಂದು ಅವಳೇ ನೋಡಲಿ ಎಂದೆ. "ಮಂಗಳವಾರ ಮಂಡಿಯಲ್ಲಿ ಕೆಲ್ಸ ಇರುತ್ತೆ ಸಾರ್" ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೂ ಜೊತೆಗೆ ಬರೋದಾದ್ರೆ ಹೋಗೋಣ" ಎಂದ. ಬರುತ್ತೇನೆಂದು ಹೇಳಿದ್ದೇನೆ. ದಾರಿಯಲ್ಲಿ ನನ್ನ ಹಳೆಯ ಶಾಲೆಗೂ ಹೋಗಬೇಕಾಗಿದೆ, ಒಂದು ಟೀಸಿಯ ವಿಷಯ ವಿಚಾರಿಸಲು.